ಧಾರವಾಡ ಕನ್ನಡ ಮಾತಾಡುವ ಸೂಪರ್‌ಹೀರೋ ಬೇಕು

ಅಮರಚಿತ್ರಕಥೆಯ ಇಂಗ್ಲಿಷ್ ಸರಣಿ ‘ಕೃಷ್ಣ’ನಿಂದ ಶುರುವಾಗುತ್ತದೆ, ಆದರೆ ಆ ಪುಸ್ತಕದ ಸಂಖ್ಯೆ 11. ಮೊದಲ ಹತ್ತು ಕನ್ನಡದಲ್ಲಿದ್ದವು. 1965ರಲ್ಲಿ ಬೆಂಗಳೂರಿನ ಐಬಿಎಚ್ ಪ್ರಕಾಶನದ ಜಿ.ಕೆ. ಅನಂತರಾಮ್ ಸಿಂಡ್ರೆಲಾ, ಪಿನೋಕಿಯೋದಂಥ ಪರದೇಶದ ಕಥೆಗಳನ್ನು ಕನ್ನಡದ ಕಾಮಿಕ್ಸ್ ಮಾಡಿ ತಂದಿದ್ದರು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಿಂದ ಸರಣಿಯನ್ನು ಪುರಾಣ, ಇತಿಹಾಸದ ಕಡೆ ತಿರುಗಿಸಿ ಮನೆಮನೆಗೆ ಮುಟ್ಟಿಸಿದರು.

ಇಷ್ಟು ಮುಂಚೆ ಹೆಜ್ಜೆಯಿಟ್ಟ ಭಾಷೆಯಲ್ಲಿ ಇವತ್ತು ನಮ್ಮದೇ ಅನ್ನುವ ಸೂಪರ್‌ಹೀರೋ ಯಾರು ಎಂದು ಕೇಳಿದರೆ ಒಂದು ಹೆಸರೂ ಥಟ್ಟನೆ ಬಾಯಿಗೆ ಬರುವುದಿಲ್ಲ. ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಅಮೆರಿಕದ ಲೀ ಫಾಕ್ ಸೃಷ್ಟಿ. ಬಾಲಮಂಗಳದ ಇಲಿ-ವೀರ ಡಿಂಗ ಮಲಯಾಳದಿಂದ ಬಂದವನು. ಮಕ್ಕಳು ಇಬ್ಬರನ್ನೂ ಎದೆಗಪ್ಪಿಕೊಂಡರು. ಅಂದಮೇಲೆ ಓದುಗರಿಗೆ ಬರವಿರಲಿಲ್ಲ.

ಚಿತ್ರಕಾರರಿಗೂ ಬರವಿಲ್ಲ. 2004ರಲ್ಲಿ ಗೋಥಮ್ ಕಾಮಿಕ್ಸ್ ತಂದ ‘ಸ್ಪೈಡರ್‌ಮ್ಯಾನ್: ಇಂಡಿಯಾ’ದ ಪವಿತ್ರ್ ಪ್ರಭಾಕರ್‌ನಿಗೆ ಧೋತ್ರ ಉಡಿಸಿ ಕಟ್ಟಡದಿಂದ ಕಟ್ಟಡಕ್ಕೆ ಹಾರಿಸಿದ್ದು ಬೆಂಗಳೂರಿನ ಜೀವನ್ ಕಾಂಗ್. ಬಂದದ್ದು ನಾಲ್ಕೇ ಸಂಚಿಕೆ. ಆದರೂ 2023ರಲ್ಲಿ ಆ ಹುಡುಗ ಹಾಲಿವುಡ್ ಅನಿಮೇಷನ್ ಸಿನಿಮಾದಲ್ಲಿ ಮಿಂಚಿದ. ಆದರೆ ಕಾಮಿಕ್ಸಿನಲ್ಲಿ ಅವನ ಊರು ಮುಂಬೈ, ಮಾತು ಇಂಗ್ಲಿಷ್.

ಕನ್ನಡದಲ್ಲಿ ಕಾಮಿಕ್ಸ್ ನಡೆಯುವುದಿಲ್ಲ, ಬಣ್ಣದ ಮುದ್ರಣ ದುಬಾರಿ ಎನ್ನುವವರು ಶಿವಕಾಶಿಯತ್ತ ನೋಡಬೇಕು. ಆ ಸಣ್ಣ ಊರಿನಿಂದ 1972ರಲ್ಲಿ ಹೊರಟ ತಮಿಳಿನ ಮುತ್ತು ಕಾಮಿಕ್ಸ್ ಐವತ್ತು ವರ್ಷ ದಾಟಿದೆ. ಅದನ್ನೂ ಅದರ ಜೊತೆಗಾರ ಲಯನ್ ಕಾಮಿಕ್ಸನ್ನೂ ಹಿಡಿದು ನಿಲ್ಲಿಸಿರುವುದು ಮುಂಗಡ ಹಣ ಕೊಡುವ ಚಂದಾದಾರರು. ಈ ದಾರಿ ಧಾರವಾಡಕ್ಕೆ ಹೊಸದೇ? ಜಿ.ಬಿ. ಜೋಶಿ 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಬೆಳೆದದ್ದು ಚಂದಾದಾರರ ಬಲದಿಂದಲೇ. ಇನ್ನೂ ಹೆಸರು ಮಾಡಿರದ ತರುಣ ಗಿರೀಶ ಕಾರ್ನಾಡರ ‘ಯಯಾತಿ’ ಹೊರಬಂದದ್ದು ಗ್ರಂಥಮಾಲೆಯ ಆ ಪ್ರಸಿದ್ಧ ಅಟ್ಟದಿಂದ. ಹೊಸಬರ ಮೇಲೆ ದುಡ್ಡು ಹಾಕುವ ಎದೆಗಾರಿಕೆ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಆಸ್ತಿ. ಅದನ್ನು ಈಗ ಕಾಮಿಕ್ಸಿಗೆ ತಿರುಗಿಸಬೇಕು.

ಕಥೆಗೆ ಹುಬ್ಬಳ್ಳಿಯ ಅಮರಗೋಳ ಒಂದೇ ಸಾಕು. ಒಂದು ಕಡೆ ಚಾಲುಕ್ಯರ ಕಾಲದ ಶಂಕರಲಿಂಗ ಗುಡಿಯ ಕೆತ್ತನೆಯ ಕಂಬಗಳು. ಇನ್ನೊಂದು ಕಡೆ ಉಳ್ಳಾಗಡ್ಡಿ, ಮೆಣಸಿನಕಾಯಿ ಚೀಲ ಇಳಿಯುವ ದೊಡ್ಡ ಎಪಿಎಂಸಿ. ಹತ್ತಿರದಲ್ಲೇ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು. ಹಮಾಲರ ಮನೆಯ ಹುಡುಗಿಯೊಬ್ಬಳು ಇಲ್ಲಿ ರಾತ್ರಿ ತೂಕದ ಮೋಸ ಹಿಡಿಯಲಿ, ‘ಏನ್ ನಡಸೀರಿ ಇಲ್ಲೆ?’ ಅಂತ ಗದರಲಿ. ಸಂಗೊಳ್ಳಿ ರಾಯಣ್ಣನನ್ನೂ ಹಲಗಲಿಯ ಬೇಡರನ್ನೂ ಲಾವಣಿಯಲ್ಲಿ ಬಾಳಿಸಿದ ಸೀಮೆಯಿದು. ಹಳೆಯ ವೀರರನ್ನೇ ಮತ್ತೆ ಚಿತ್ರಿಸಿ ಕೈತೊಳೆದುಕೊಳ್ಳಬಾರದು. ಇವತ್ತಿನ ಅನ್ಯಾಯಕ್ಕೆ ಇವತ್ತಿನ ವೀರೆಯೇ ಬೇಕು.

ಇನ್ನೊಂದು ಮಾತು, ಇದು ಕುಸುರಿಯದು. ಇಂಗ್ಲಿಷ್ ಕಾಮಿಕ್ಸಿನ ಮಾತಿನ ಗುಳ್ಳೆಗಳನ್ನು ಒಂದೇ ಎತ್ತರದ ದೊಡ್ಡಕ್ಷರಗಳಿಗೆ ಅಳೆದು ಬರೆದಿರುತ್ತಾರೆ. ಕನ್ನಡಕ್ಕೆ ತಂದಾಗ ಕೆಳಗಿಳಿಯುವ ಒತ್ತಕ್ಷರಗಳಿಗೆ ಜಾಗ ಸಾಲದೆ ಅಕ್ಷರ ಕಿರಿದಾಗುತ್ತದೆ, ಮಗು ಕಣ್ಣು ಕಿರಿದು ಮಾಡಿ ಓದಬೇಕಾಗುತ್ತದೆ. ಕನ್ನಡದಲ್ಲೇ ಹುಟ್ಟುವ ಪುಟದಲ್ಲಿ ಚಿತ್ರಕಾರ ಮೊದಲು ಮಾತಿಗೆ ಜಾಗ ಬಿಟ್ಟು ಆಮೇಲೆ ಮುಷ್ಟಿ ಬೀಸಿಸಬಹುದು.

ಮೊದಲ ವರ್ಷದ ಖರ್ಚು ಸಣ್ಣ ಪ್ರಕಾಶಕರೊಬ್ಬರ ತಲೆಯ ಮೇಲೇ ಬೀಳಬಾರದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಕನ್ನಡದ ಸ್ವಂತ ಕಾಮಿಕ್ಸಿಗೆ ಬೇರೆ ಪಾಲು ಇರಲಿ. ಶಾಲೆಗಳು ವರ್ಷದ ಚಂದಾ ಮುಂಗಡವಾಗಿ ಕಟ್ಟಲಿ. ಬರೆಯುವವರಷ್ಟೇ ಗೌರವಧನ ಚಿತ್ರ ಬಿಡಿಸುವವರಿಗೂ ಸಿಗಲಿ, ಮುಖಪುಟದಲ್ಲಿ ಇಬ್ಬರ ಹೆಸರೂ ಒಂದೇ ಅಳತೆಯಲ್ಲಿ ಅಚ್ಚಾಗಲಿ.