ಬಂದು ಹೋಗುವ ದೋಷಕ್ಕೂ ದಾಖಲೆ ಬೇಕು

ಮಾನ್ಯ ಅಧ್ಯಕ್ಷರಿಗೆ,
ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ನವದೆಹಲಿ



ಇಂಟರ್‌ನೆಟ್ ಪೂರ್ತಿ ನಿಂತರೆ ದೂರು ಕೊಡುವುದು ಸುಲಭ. ಫೈಬರ್ ಡಬ್ಬಿಯ ಮೇಲಿನ ಕೆಂಪು ದೀಪ ಬಂದವರ ಕಣ್ಣಿಗೂ ಬೀಳುತ್ತದೆ. ಬೆಳಿಗ್ಗೆ ಐದು ನಿಮಿಷ ಹೋಗಿ, ತಾನಾಗಿಯೇ ಬಂದು, ಸಂಜೆ ಮತ್ತೆ ಕೈಕೊಡುವ ಸಂಪರ್ಕದ್ದು ಬೇರೆಯೇ ಪಾಡು. ಸಾಗರ ತಾಲ್ಲೂಕಿನ ನಮ್ಮೂರಿಗೆ ಫೈಬರ್ ಬರುವುದು ಕಂಬದಿಂದ ಮರಕ್ಕೆ, ಮರದಿಂದ ಮನೆಗೆ ಜೋತುಬಿದ್ದು. ದೂರು ಕೊಟ್ಟ ಮೇಲೆ ದುರಸ್ತಿಯ ಹುಡುಗ ಬರುವ ಹೊತ್ತಿಗೆ ಹಸಿರು ದೀಪ ಉರಿಯುತ್ತಿರುತ್ತದೆ. ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ, "ಲೈನ್ ಸರಿ ಇದೆ ಸರ್, ಒಳಗಿನ ವೈರಿಂಗ್ ನೋಡಿಸಿ" ಅನ್ನುತ್ತಾನೆ. ಅವನು ಗೇಟು ದಾಟುವಷ್ಟರಲ್ಲಿ ದೂರು ಬಗೆಹರಿದಿದೆ ಎಂಬ ಮೆಸೇಜು ಬಂದಿರುತ್ತದೆ. ಅವನನ್ನು ದೂರುವುದಿಲ್ಲ, ಆ ಗಳಿಗೆಯಲ್ಲಿ ಕಂಡದ್ದನ್ನಷ್ಟೇ ಅವನು ಹೇಳಬಲ್ಲ.

ಒಳಗಿನ ವೈರಿಂಗ್ ನೋಡಲೇಬೇಕು ಎಂಬುದು ನಿಜ. ರೂಟರಿನಿಂದ ಮಹಡಿಗೆ ಎಳೆದ ಕೇಬಲ್‌ನಲ್ಲಿ ನಾಲ್ಕು ಜೋಡಿ ಎಳೆಗಳಿರುತ್ತವೆ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಬೇಕು. 100 ಎಂಬಿಪಿಎಸ್‌ಗೆ ಎರಡು ಸಾಕು. ನೀಲಿಯೋ ಕಂದೋ ಒಂದೆಳೆ ಪಿನ್ನಿನಲ್ಲಿ ಸರಿಯಾಗಿ ಕೂತಿಲ್ಲದಿದ್ದರೆ ಸಂಪರ್ಕ 1000ದಿಂದ 100ಕ್ಕೆ ಇಳಿಯುತ್ತದೆ, ಏರುತ್ತದೆ. ಪ್ರತಿ ಸಲವೂ ಕೆಲವು ಕ್ಷಣ ಎಲ್ಲವೂ ಸ್ತಬ್ಧ. ತುದಿಯ ಪ್ಲಾಸ್ಟಿಕ್ ಲಾಕ್ ಮುರಿದಿದ್ದರೆ ಮೇಜು ಅಲುಗಿದರೂ ಸಾಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಎಳೆಗಳ ಅಗ್ಗದ ಕೇಬಲ್ ಬಾಗಿದಲ್ಲೇ ತುಂಡಾಗುತ್ತದೆ.

ದೋಷ ಒಳಗಿನದೋ ಹೊರಗಿನದೋ ಎಂದು ಪತ್ತೆಹಚ್ಚುವ ದಾರಿಯೂ ಇದೆ. ಕಂಪ್ಯೂಟರಿನಲ್ಲಿ ಎರಡು ಕಿಟಕಿ ತೆರೆದು, ಒಂದರಿಂದ ರೂಟರಿಗೆ, ಇನ್ನೊಂದರಿಂದ ಹೊರಗಿನ 8.8.8.8 ವಿಳಾಸಕ್ಕೆ ಪಿಂಗ್ ಕಳಿಸುತ್ತಾ ಬಿಡಬೇಕು. ನಮ್ಮಲ್ಲಿ ನೆಟ್ ಹೋದಾಗೆಲ್ಲ ರೂಟರ್ ಒಂದು ಮಿಲಿಸೆಕೆಂಡಿನೊಳಗೆ ಉತ್ತರಿಸುತ್ತಲೇ ಇತ್ತು. ಹೊರಗಿನಿಂದ ಮಾತ್ರ ಸದ್ದಿಲ್ಲ. ಇದನ್ನು ಬರೆದಿಟ್ಟುಕೊಂಡು ತೋರಿಸಿದರೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನ್ನ ಅಹವಾಲು ಇಲ್ಲಿದೆ. ಇದಕ್ಕಿಂತ ಒಳ್ಳೆಯ ದಾಖಲೆ ಸೇವೆ ಕೊಡುವವರ ಬಳಿಯೇ ಇದೆ. ಮನೆಯ ಫೈಬರ್ ಡಬ್ಬಿಗೆ ಕರೆಂಟು ಹೋದರೆ, ಆರುವ ಮೊದಲು ಅದು ಎಕ್ಸ್‌ಚೇಂಜಿಗೆ ಒಂದು ಕೊನೆಯ ಸಂದೇಶ ಕಳಿಸುತ್ತದೆ. ಆ ಸಂದೇಶವಿಲ್ಲದೆ ಕಡಿದರೆ ತಂತಿಯನ್ನೇ ಅನುಮಾನಿಸಬೇಕು. ಡಬ್ಬಿಗೆ ಎಷ್ಟು ಬೆಳಕು ತಲುಪುತ್ತಿದೆ ಎಂಬುದನ್ನೂ ಅಲ್ಲಿ ಕೂತೇ ಅಳೆಯಬಹುದು. ಸಾಮಾನ್ಯ ಉಪಕರಣಗಳಿಗೆ ಮೈನಸ್ 27 ಡಿಬಿಎಂ ಕೊನೆಯ ಗೆರೆ. ಅದರ ಅಂಚಿನಲ್ಲೇ ಇರುವ ಮನೆಗೆ ಗಾಳಿಗೆ ತಂತಿ ತುಸು ಬಾಗಿದರೂ ನೆಟ್ ಇಲ್ಲ. ಗಾಳಿ ನಿಂತರೆ ಉಂಟು.

ಬಿಡಿ ದೂರುಗಳನ್ನು ಪ್ರಾಧಿಕಾರ ವಿಚಾರಿಸುವುದಿಲ್ಲವೆಂದು ಬಲ್ಲೆ. ಆದರೆ 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಗುಣಮಟ್ಟದ ನಿಯಮಗಳು ನಿಮ್ಮವೇ. ಅವಕ್ಕೆ ಎರಡು ಮಾತು ಸೇರಿಸಿ. ಆಗಾಗ ಕಡಿಯುತ್ತದೆ ಎಂದು ದೂರು ಕೊಟ್ಟವರಿಗೆ ಹಿಂದಿನ ಒಂದು ವಾರದ ಕಡಿತದ ಹೊತ್ತು, ಕಾರಣ, ಬೆಳಕಿನ ಮಟ್ಟ ಇಷ್ಟನ್ನು ಬರಹದಲ್ಲಿ ಕೊಡಬೇಕು. ದುರಸ್ತಿಯ ನಂತರ ಮೂರು ದಿನವಾದರೂ ಆ ದಾಖಲೆ ಗಮನಿಸದೆ, ಗ್ರಾಹಕರ ಒಪ್ಪಿಗೆ ಪಡೆಯದೆ ದೂರನ್ನು ಮುಚ್ಚಬಾರದು. ಮನೆಯಿಂದಲೇ ಕೆಲಸ ಮಾಡುತ್ತಾ ಹಳ್ಳಿಯಲ್ಲಿ ಉಳಿದಿರುವ ನಮ್ಮ ಮಕ್ಕಳಿಗೆ ಈ ನಿಯಮ ಮುಂದಿನ ಮಳೆಗಾಲದೊಳಗೆ ಬೇಕಾಗಿದೆ.

ವಿಶ್ವಾಸದಿಂದ,
ಸಾಗರ ತಾಲ್ಲೂಕಿನ ಒಬ್ಬ ಗ್ರಾಹಕ