ಮರಿ ಒಯ್ಯುವವರ ಜೇಬು ನೋಡುವುದೇಕೆ?

ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎಂಬ ಮಾತನ್ನು ನಾವು ರೇಷನ್ ಅಕ್ಕಿಯ ಬಗ್ಗೆ, ಸರ್ಕಾರಿ ಆಸ್ಪತ್ರೆಯ ಬಗ್ಗೆ, ಹೆಣ್ಣುಮಕ್ಕಳ ಉಚಿತ ಬಸ್ ಪ್ರಯಾಣದ ಬಗ್ಗೆ ಕೇಳುತ್ತಲೇ ಬಂದಿದ್ದೇವೆ. ಅದೀಗ ನಾಯಿ, ಬೆಕ್ಕುಗಳವರೆಗೂ ಬಂದಿದೆ. ಬೀದಿಯ ಮರಿಗಳನ್ನು ಎತ್ತಿ ತಂದು, ಆರೈಕೆ ಮಾಡಿ, ದತ್ತು ಕೊಡುವವರಲ್ಲಿ ಕೆಲವರು ಹೇಳುತ್ತಾರೆ: ಹಣ ಪಡೆಯದೆ ಕೊಟ್ಟರೆ ಜನ ನಾಲ್ಕು ದಿನ ಆಡಿಸಿ ಮತ್ತೆ ಬೀದಿಗೇ ಬಿಡುತ್ತಾರೆ.

ಇದು ನಿಜವೇ? ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಎಮಿಲಿ ವೈಸ್ ಮತ್ತು ಶಾನನ್ ಗ್ರಮಾನ್ ಶುಲ್ಕ ಕೊಟ್ಟು ಬೆಕ್ಕು ಒಯ್ದವರನ್ನೂ ಉಚಿತವಾಗಿ ಒಯ್ದವರನ್ನೂ ಹೋಲಿಸಿ 2009ರಲ್ಲಿ ಅಧ್ಯಯನ ಪ್ರಕಟಿಸಿದರು. ಬೆಕ್ಕಿನ ಮೇಲಿನ ಮಮತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಅದು ಅಮೆರಿಕ, ಅದೂ ಬೆಕ್ಕು ಎನ್ನುವವರು ನಮ್ಮ ಬೆಂಗಳೂರನ್ನೇ ನೋಡಲಿ. 2003ರಲ್ಲಿ ಹಚ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ ಪಗ್ ನಾಯಿಗೆ ಎಂಥ ಬೇಡಿಕೆ ಬಂತು! ಆಮೇಲೆ ಹಿಮದ ನಾಡಿನ ಹಸ್ಕಿಯ ಸರದಿ. ಸಾವಿರಾರು ರೂಪಾಯಿ ಎಣಿಸಿ ತಂದ ಇಂಥ ಜಾತಿನಾಯಿಗಳೂ ಕಾಯಿಲೆ ಬಿದ್ದಾಗ, ಮಾಲೀಕರಿಗೆ ವರ್ಗವಾದಾಗ ಬೀದಿಪಾಲಾಗಿವೆ. ಕೊಟ್ಟ ಹಣ ಪ್ರೀತಿ ಹುಟ್ಟಿಸುವುದಾಗಿದ್ದರೆ ಅವುಗಳಿಗೆ ಈ ಗತಿ ಬರಬಾರದಿತ್ತು. ಹಳ್ಳಿಗಳಲ್ಲಿ ಪಕ್ಕದ ಮನೆಯ ನಾಯಿ ಈದರೆ ಮರಿಯನ್ನು ಬುಟ್ಟಿಯಲ್ಲಿಟ್ಟು ತರುತ್ತಿದ್ದೆವಲ್ಲ, ಅದಕ್ಕೆ ಯಾರೂ ರಸೀದಿ ಹರಿದಿರಲಿಲ್ಲ.

ಬೇಜವಾಬ್ದಾರಿಗೆ ಬೆಲೆ ಕಟ್ಟಬೇಕಾದ ಜಾಗ ಬೇರೆಯೇ ಇದೆ. ಸಾಕುಪ್ರಾಣಿಯನ್ನು ಹಸಿವು ಬಾಯಾರಿಕೆಗೆ ತಳ್ಳಿ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೆ ಕಾಯ್ದೆ ಬರೆದವರು ಇಟ್ಟ ದಂಡ 10ರಿಂದ 50 ರೂಪಾಯಿ! ಸಾಕುತ್ತೇನೆಂದು ಬಂದವರ ಜೇಬು ತಡಕುವ ನಾವು ಬಿಟ್ಟು ಹೋದವರನ್ನು ಹುಡುಕಿಕೊಂಡು ಹೋದದ್ದುಂಟೇ?

ಉಚಿತವೆಂದರೆ ಮರಿ ಹಾಕಿಸಿ ಮಾರುವವರು, ಕಾಳಗಕ್ಕೆ ಬಿಡುವವರು ಒಯ್ಯುತ್ತಾರೆಂಬ ಭಯ ಸುಳ್ಳಲ್ಲ. ಆದರೆ ವ್ಯಾಪಾರಕ್ಕೆ ಬಂದವನಿಗೆ ಶುಲ್ಕವೆಂದರೆ ಬಂಡವಾಳ, ಅಷ್ಟೆ. ಸಂತಾನಹರಣ ಮಾಡಿಸಿಯೇ ಕೊಟ್ಟರೆ ಮರಿ ಮಾರುವವನು ತಾನಾಗಿ ದೂರ ಸರಿಯುತ್ತಾನೆ. ಕಾಳಗದವನನ್ನು ಹಿಡಿಯಲು ಮನೆಗೆ ಹೋಗಿಯೇ ನೋಡಬೇಕು. ಅದು ಶ್ರಮದ ಕೆಲಸ, ಹಣ ಪಡೆಯುವುದು ಸುಲಭ.

ಲಸಿಕೆಗೆ, ಶಸ್ತ್ರಚಿಕಿತ್ಸೆಗೆ ಖರ್ಚಿದೆ. ಖರ್ಚೆಂದೇ ಹೇಳಿ ಕೇಳಲಿ, ಇದ್ದವರು ಸಂತೋಷದಿಂದ ಕೊಡಬೇಕು. ನಮ್ಮ ಆಕ್ಷೇಪ ಹಣವನ್ನು ಪ್ರೀತಿಯ ಅಳತೆಗೋಲು ಮಾಡುವುದಕ್ಕೆ. ಬೀದಿನಾಯಿಗೆ ಬನ್ ಮುರಿದು ಹಾಕುವವರು ಆಟೋ ಸ್ಟ್ಯಾಂಡಿನವರು, ಹೂ ಮಾರುವ ಅಮ್ಮಂದಿರು, ರಾತ್ರಿ ಪಾಳಿಯ ವಾಚ್‌ಮನ್‌ಗಳು. ಅಂಥವರೊಬ್ಬರು ಮರಿ ಕೇಳಿಕೊಂಡು ಬಂದರೆ ಸಾವಿರದ ಲೆಕ್ಕ ಹೇಳಿ ಬಾಗಿಲಿನಿಂದಲೇ ಕಳಿಸಬೇಕೆ?

ಹಗಲಲ್ಲಿ ಮನೆಯಲ್ಲಿ ಯಾರಿರುತ್ತಾರೆ? ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಇದೆಯೇ? ಹಿಂದಿನ ನಾಯಿ ಏನಾಯಿತು? ಇವನ್ನು ಕೇಳಲಿ, ತಿಂಗಳ ಮೇಲೆ ಒಂದು ಸಲ ಹೋಗಿ ನೋಡಿ ಬರಲಿ. ಮರಿಗಳಿಗಾದರೂ ಕೇಳುವವರಿದ್ದಾರೆ. ವಯಸ್ಸಾದ, ಕಾಲು ಮುರಿದ ನಾಯಿಗಳು ಮಾತ್ರ ವರ್ಷಗಟ್ಟಲೆ ಗೂಡಿನಲ್ಲೇ ಉಳಿಯುತ್ತವೆ. ಒಂದು ಗೂಡು ಖಾಲಿಯಾಗದೆ ಗೇಟಿನ ಹೊರಗೆ ಗಾಯಗೊಂಡು ಬಿದ್ದ ಇನ್ನೊಂದಕ್ಕೆ ಒಳಗೆ ಜಾಗವಿಲ್ಲ.