ಲೆಕ್ಕ ಬಿಟ್ಬಿಡ್ರಿ ಅಂತ ನಮ್ಮ ಮಕ್ಕಳಿಗೇ ಯಾಕೆ ಹೇಳ್ತೀರಿ?



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಹಾಸ್ಟೆಲ್‌ಗಳಿಗೆ ಹೋದಾಗೆಲ್ಲ ನಾನು ಒಂಬತ್ತನೇ ಕ್ಲಾಸಿನ ವಿಜ್ಞಾನದ ನೋಟ್‌ಬುಕ್ ಕೇಳ್ತೀನಿ. 'ಕೆಲಸ ಮತ್ತು ಶಕ್ತಿ' ಪಾಠದಲ್ಲಿ ಪ್ರಚ್ಛನ್ನ ಶಕ್ತಿ ಎಂದರೇನು, ಚಲನ ಶಕ್ತಿ ಎಂದರೇನು, ಎಲ್ಲ ದುಂಡಗೆ ಬರೆದಿರುತ್ತೆ. ಲೆಕ್ಕದ ಪುಟ ಮಾತ್ರ ಖಾಲಿ. ಯಾಕಪ್ಪಾ ಅಂದ್ರೆ, "ಲೆಕ್ಕ ಬ್ಯಾಡ ಬಿಡ್ರಿ, ವ್ಯಾಖ್ಯೆ ಬಾಯಿಪಾಠ ಮಾಡಿದ್ರ ಪಾಸಾಗ್ತೀರಿ ಅಂದಾರ್ರೀ."

ಮುಂದಿನ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಇದಕ್ಕೆ ಒಂದು ಹೆಸರೂ ಸಿಗುತ್ತೆ: ಪಾಸಿಂಗ್ ಪ್ಯಾಕೇಜ್. 'ನಿಧಾನ ಕಲಿಕೆಯ ಮಕ್ಕಳು' ಅಂತ ಪಟ್ಟಿ ಮಾಡ್ತಾರೆ. ಆ ಪಟ್ಟಿಯಲ್ಲಿ ಯಾವ ಕೇರಿಯ ಹೆಸರು ಜಾಸ್ತಿ ಇರ್ತವೆ ಅಂತ ಯಾರಾದರೂ ಎಣಿಸಿದ್ದೀರಾ?

ಬಾಬಾಸಾಹೇಬರು ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿದ್ದಾಗ ಮೇಷ್ಟ್ರು ಲೆಕ್ಕ ಬಿಡಿಸೋಕೆ ಬೋರ್ಡಿಗೆ ಕರೆದರು. ಬೋರ್ಡಿನ ಹಿಂದೆ ಇಟ್ಟಿದ್ದ ಬುತ್ತಿ ಮೈಲಿಗೆ ಆಗುತ್ತೆ ಅಂತ ಸವರ್ಣ ಹುಡುಗರು ಓಡಿಹೋಗಿ ಡಬ್ಬಿ ಎತ್ತಿಕೊಂಡರು. ಈಗ ಡಬ್ಬಿ ಯಾರೂ ಎತ್ತಲ್ಲ. ನಮ್ಮ ಹುಡುಗರನ್ನ ಬೋರ್ಡಿಗೇ ಕರೆಯಲ್ಲ, ಅಷ್ಟೆ.

ಲೆಕ್ಕ ಮಾಡದೆ ಏನು ಹೋಗುತ್ತೆ ಅಂತ ಕೇಳೋರಿಗೆ ಒಂದು ಉದಾಹರಣೆ. 2 ಕೆಜಿ ಕಲ್ಲು, 20 ಮೀಟರ್ ಎತ್ತರ. ಜಿ ಬೆಲೆ 10 ಅಂತ ಇಟ್ಕೊಳ್ಳಿ. ಎಂ ಜಿ ಎಚ್, 400 ಜೂಲ್. ಕೈಬಿಟ್ಟರೆ ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ 20 ಮೀಟರ್. ಹಾಗಾದರೆ ಅರ್ಧ ದಾರಿಯಲ್ಲಿ, 10 ಮೀಟರ್ ಎತ್ತರದಲ್ಲಿ, ವೇಗ ಎಷ್ಟು? ಬಾಯಿಪಾಠದ ಹುಡುಗ 10 ಅಂತಾನೆ. ತಪ್ಪು. ಅಲ್ಲಿ ಅರ್ಧ ಆಗಿರೋದು ಶಕ್ತಿ: 200 ಪ್ರಚ್ಛನ್ನ, 200 ಚಲನ. ವೇಗ ಸುಮಾರು 14. ಕಲ್ಲು 2 ಕೆಜಿ ಇರಲಿ, 50 ಕೆಜಿ ಇರಲಿ, ಎರಡೂ ಕಡೆ ಎಂ ಹೊಡೆದುಹೋಗುತ್ತೆ, ವೇಗ ಅದೇ. ಗಾಳಿಯ ತಡೆ ಲೆಕ್ಕಕ್ಕಿಲ್ಲ ಅನ್ನಿ. ಇದು ಹತ್ತು ಲೆಕ್ಕ ಕೈಯಾರೆ ಮಾಡಿದ ಮೇಲೆ ತಲೆಗೆ ಹತ್ತೋದು, ವ್ಯಾಖ್ಯೆ ಉರು ಹೊಡೆದರೆ ಹತ್ತಲ್ಲ.

ತಲೆ ಮೇಲೆ ಮೂಟೆ ಹೊತ್ತು ಸಮತಟ್ಟು ನೆಲದಲ್ಲಿ ನಡೆದರೆ ಗುರುತ್ವದ ವಿರುದ್ಧ ಮಾಡಿದ ಕೆಲಸ ಸೊನ್ನೆ ಅಂತಲೂ ಇದೇ ಪಾಠ ಹೇಳುತ್ತೆ. ಹಮಾಲಿಯ ಮಗ ಇದನ್ನ ಕೇಳಿ ಸುಮ್ಮನೆ ಬರ್ಕೊಬೇಕಾ? ಅಪ್ಪನ ಸ್ನಾಯು ಸುಡೋದು ಬೇರೆ ಲೆಕ್ಕ ಅಂತ ಬಿಡಿಸಿ ಹೇಳೋ ಮೇಷ್ಟ್ರು ಬೇಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯ್ತಲ್ಲ, ನೀರು ಧುಮುಕೋ ವಿಡಿಯೋ ಎಲ್ಲರ ಮೊಬೈಲಲ್ಲೂ ಇತ್ತು. 5 ಮೀಟರ್ ಕೆಳಗೆ ಬಿದ್ದ ನೀರಿನ ವೇಗ ಎಷ್ಟು ಅಂತ ಅವತ್ತು ಎಷ್ಟು ಕ್ಲಾಸಲ್ಲಿ ಕೇಳಿದರು? ನಮ್ಮ ಜಿಲ್ಲೆಯದೇ ಲೆಕ್ಕ ಅದು.

ಪಿಯುಸಿ ಸೈನ್ಸಿಗೆ ಹೋದರೆ ಇದೇ ಪಾಠ ಇಂಗ್ಲಿಷಲ್ಲಿ ಎದುರಾಗುತ್ತೆ. ಪ್ರಚ್ಛನ್ನ ಶಕ್ತಿ ಹೋಗಿ ಪೊಟೆನ್ಷಿಯಲ್ ಎನರ್ಜಿ ಬರುತ್ತೆ. ಲೆಕ್ಕ ಗೊತ್ತಿದ್ದವನಿಗೆ ಸೂತ್ರ ಅದೇ, ಭಾಷೆ ಹೇಗೋ ದಾಟ್ತಾನೆ. ಇಲ್ಲದವನು ಮೂರೇ ತಿಂಗಳಿಗೆ ಆರ್ಟ್ಸಿಗೆ. ಆರ್ಟ್ಸ್ ಕೀಳಲ್ಲ, ನಾನೂ ಬಿಎನೇ. ಆದರೆ ಅದು ಅವನ ಆಯ್ಕೆ ಆಗಿರಬೇಕು. ಮೀಸಲಾತಿ ಇದೆ, 371ಜೆ ಇದೆ, ಸರಿ. ಸಿಇಟಿಯಲ್ಲಿ ಭೌತಶಾಸ್ತ್ರ 80 ನಿಮಿಷ, 60 ಪ್ರಶ್ನೆ. ಸೀಟಿನ ಬಾಗಿಲು ಅಲ್ಲಿದೆ.

ನಮ್ಮವರಿಗೂ ಒಂದು ಮಾತು. ಏಪ್ರಿಲ್ 14ಕ್ಕೆ ಡಿಜೆ, ಫ್ಲೆಕ್ಸಿಗೆ ಎಷ್ಟು ಖರ್ಚಾಯ್ತು? ಅದರಲ್ಲಿ ಒಬ್ಬ ಬಿಎಸ್ಸಿ ಹುಡುಗನಿಗೆ ವಾರಕ್ಕೆರಡು ಸಂಜೆ ಹಾಸ್ಟೆಲ್ಲಲ್ಲಿ ಲೆಕ್ಕ ಹೇಳಿಕೊಡೋಕೆ ಸಂಬಳ ಎಷ್ಟು ತಿಂಗಳು ಕೊಡಬಹುದಿತ್ತು? ಬೈರಿ ನನ್ನ, ಪರವಾಗಿಲ್ಲ. ಸರ್ಕಾರವನ್ನೂ ಬಿಡೋದಿಲ್ಲ. ಎಸ್‌ಸಿಎಸ್‌ಪಿ ದುಡ್ಡಲ್ಲಿ ಹಾಸ್ಟೆಲ್‌ಗೆ ಗಣಿತ, ವಿಜ್ಞಾನದ ಟ್ಯೂಟರ್ ಬೇಕು ಅಂತ ಐದೂ ತಾಲ್ಲೂಕಿನ ಸಮಾಜ ಕಲ್ಯಾಣ ಕಚೇರಿಗೆ ಮನವಿ ಕೊಡೋಣ. ಕರಡು ನಾನು ಬರೀತೀನಿ. ಅದಕ್ಕೂ ಮೊದಲು ನಿಮ್ಮ ಊರಿನ ಹಾಸ್ಟೆಲ್‌ಗೆ ಹೋಗಿ, ಆ ಪಾಠದಲ್ಲಿ ಎಷ್ಟು ಲೆಕ್ಕ ಮಾಡಿಸಿದ್ದಾರೆ ಎಣಿಸಿ ಕಾಮೆಂಟಲ್ಲಿ ಹಾಕ್ರಿ. ಮಕ್ಕಳ ಹೆಸರು, ಫೋಟೋ ಬ್ಯಾಡ, ಸಂಖ್ಯೆ ಸಾಕು.